ಕೈ ಕೊಡದ ಕಾರು

ಫಿನ್ಲೆಂಡಿನ ಕಯಾನಿ. ವರ್ಷದ ತಪಾಸಣೆಯ ಸರದಿ.
ಹೊರಗೆ ಮೈನಸ್ ಇಪ್ಪತ್ತಾರು,
ಒಳಗೆ ನಾಲ್ಕು ಕುರ್ಚಿ, ಮೂವರು, ಸಪ್ಪೆ ಕಾಫಿ.
ಇಲ್ಲಿಯವರ ಮಾತು ಹತ್ತಿಕೊಳ್ಳಲು ಹೊತ್ತು ಬೇಕು,
ತಣ್ಣಗಾದ ಎಂಜಿನ್ನಿನ ಹಾಗೆ.

"ಹದಿನಾಲ್ಕು ವರ್ಷ," ಎಂದಳು ಇರ್ಮೆಲಿ,
"ಒಮ್ಮೆಯೂ ಕೈ ಕೊಟ್ಟಿಲ್ಲ.
ಆಯಿಲ್, ಟೈರು, ಒಂದು ವೈಪರ್. ಅಷ್ಟೇ."
ಕೇಳದಿದ್ದರೂ ಸರ್ವೀಸ್ ಪುಸ್ತಕ ಬಿಡಿಸಿದಳು,
ಸೀಲಿನ ಕೆಳಗೆ ಸೀಲು.

ಮೂಲೆಯ ಹುಡುಗ ತನ್ನದು ಬ್ಯಾಟರಿ ಕಾರು ಎಂದ.
ಯಾರೂ ಏನೂ ಕೇಳಲಿಲ್ಲ.

ತೌನೊ ನಕ್ಕ. ಅವನ ಕೆಂಪು ಹ್ಯಾಚ್‌ಬ್ಯಾಕಿಗೆ
ಎಡಬಾಗಿಲು ನೀಲಿ, ಇನ್ಯಾವುದೋ ಕಾರಿನದು.
"ನನ್ನದು ಸೊತ್ಕಮೊ ದಾರಿಯಲ್ಲೇ ಎರಡು ಸಲ ನಿಂತಿತು.
ಸೇತುವೆ ಮೇಲೊಮ್ಮೆ. ಚರ್ಚಿನೆದುರು, ಮದುವೆಯವರಿಗೆ ಅಡ್ಡ.
ಅದು ಕೈ ಕೊಟ್ಟಾಗಲೆಲ್ಲ ಯಾರೋ ಬಂದು ಕೈ ಕೊಟ್ಟರು:
ಕೇಬಲ್ಲು, ಹಗ್ಗ, ಒಮ್ಮೆ ಬಿಸಿ ಮೀನುಸಾರು.
ಹಗ್ಗ ತಂದವಳು ಈಗ ನಮ್ಮ ಮನೆಯಲ್ಲೇ ಇದ್ದಾಳೆ,
ಮಾರಿಬಿಡು ಅಂತಾಳೆ ದಿನಾ."

ಇರ್ಮೆಲಿ ಪುಸ್ತಕ ಮುಚ್ಚಿದಳು.
ಅವಳ ಡಿಕ್ಕಿಯಲ್ಲೂ ಕೇಬಲ್ ಉಂಟು,
ಸುತ್ತಿದ ಪ್ಲಾಸ್ಟಿಕ್ ಹರಿಯದೆ, ಹದಿನಾಲ್ಕು ವರ್ಷದಿಂದ.

ನಂಬರ್ ಕರೆದರು. ಪಾಸು, ಎಂದಿನಂತೆ.
ಹೊರಟವಳು ತೌನೊನ ಕಾರಿನ ಮಗ್ಗುಲಲ್ಲಿ
ಎಂಜಿನ್ ಆರಿಸದೆ
ತುಸು ಹೊತ್ತು ನಿಂತಳು.