ಮಾರ್ಜಿನ್ ಬಿಡುವುದು

ಆರು ನಿಮಿಷ. ಅದಕ್ಕಿಂತ ಉದ್ದವಾದರೆ
ಜಬೀನಾ ನೋಡುವುದಿಲ್ಲ.
ಪೀಣ್ಯದಿಂದ ಬಸ್ಸು ಸುಂಕದಕಟ್ಟೆ ಮುಟ್ಟುವ ಹೊತ್ತಿಗೆ
ಅವಳ ಫೋನಿನಲ್ಲಿ ಉಳಿಯುವ ಚಾರ್ಜು ನೂರಕ್ಕೆ ಒಂಬತ್ತು,
ಕಣ್ಣಲ್ಲಿ ಅದಕ್ಕಿಂತ ಕಡಿಮೆ.

ಮೊದಲು ಬರೆದುಕೊಂಡದ್ದು ಹೀಗಿತ್ತು:
"ವೆಬ್ ಪುಟದಲ್ಲಿ ಎಲ್ಲವೂ ಒಂದೊಂದು ಪೆಟ್ಟಿಗೆ."
ಓದಿ ನೋಡಿದೆ, ನನಗೇ ಆಕಳಿಕೆ.
ಹೊಡೆದು ಹಾಕಿ
"ಸೈಟು ಅಂದರೇನು?" ಅಂತ ಶುರು ಮಾಡಿದೆ.
ಈ ಊರಲ್ಲಿ ಆ ಮಾತಿಗೆ ಕಿವಿ ನಿಮಿರದವರು ಯಾರು?

ಅವಲಕ್ಕಿ ಡಬ್ಬದ ಮೇಲೆ ಫೋನು ಅಡ್ಡ ಮಲಗಿಸಿ
ಕೈ ಮಾತ್ರ ಕಾಣುವ ಹಾಗೆ ಕೂತೆ.
ಮೂವತ್ತು ನಲವತ್ತಕ್ಕೆ ಪೆನ್ಸಿಲಿನಲ್ಲಿ ಗೆರೆ.
ಇದು ಮಂಚ, ಬೀರು, ಮಲಗಿದ ಮನುಷ್ಯರು:
ಪುಟದೊಳಗಿನ ಮಾತು ಅಂದುಕೊಳ್ಳಿ.
ಇದು ಗೋಡೆ, ಬಾರ್ಡರು.
ಮಂಚಕ್ಕೂ ಗೋಡೆಗೂ ನಡುವೆ
ಮೊಣಕೈ ತಾಗದಷ್ಟು ಜಾಗ ಪ್ಯಾಡಿಂಗು.
ಗೋಡೆಯಾಚೆ, ಪಕ್ಕದವರ ಗೋಡೆ ಬರುವ ತನಕ
ನಾವು ಬಿಡಬೇಕಾದ್ದು

ಅಷ್ಟರಲ್ಲಿ ಕಸದ ಆಟೊ ಹಾಡುತ್ತಾ ಬಂತು.

ಎರಡನೇ ಸಲಕ್ಕೆ ಕುಕ್ಕರು.
ನಮ್ಮದಲ್ಲ, ಗೋವರ್ಧನಾಚಾರ್ ಮನೆಯದು,
ಆದರೆ ಕೂಗಿದ್ದು ನನ್ನ ಮಡಿಲಲ್ಲಿ ಕೂತ ಹಾಗೆ.
ಮೇಲಿನ ಮಹಡಿ ಎಬ್ಬಿಸುವಾಗ
ಮೂರಡಿ ಬಿಡುತ್ತೇನೆ ಅಂದಿದ್ದರು.
ಬಿಟ್ಟದ್ದು, ಹೊಕ್ಕ ಬೆಕ್ಕು ತಿರುಗಲಾರದೆ
ಹಿಂದು ಹಿಂದಕ್ಕೇ ನಡೆದು ಹೊರಬರುವಷ್ಟು.
ನಮ್ಮ ಕಿಟಕಿ ತೆರೆದರೆ ಅವರ ಗೋಡೆಗೆ ಬಡಿದು
ಅರ್ಧಕ್ಕೇ ನಿಲ್ಲುತ್ತದೆ,
ಹೇಳಬೇಕಾದ್ದು ಮರೆತವರ ಬಾಯಿಯಂತೆ.

ಇದನ್ನೇ ತೋರಿಸೋಣ ಅಂತ ಫೋನು ಎತ್ತಿಕೊಂಡು ಹೋದೆ.
"ನೋಡಿ, ಮಾರ್ಜಿನ್ ಸೊನ್ನೆ ಕೊಟ್ಟರೆ ಹೀಗಾಗುತ್ತದೆ."
ಆಮೇಲೆ ಅಳಿಸಿದೆ.
ಬೆಳಗಾದರೆ ಹೆಪ್ಪಿಗೆ ಮೊಸರು ಕೇಳಿಕೊಂಡು
ಅದೇ ಮನೆಗೆ ಹೋಗಬೇಕಾದವಳು ನಾನು.

ಭಾನುವಾರ ಕ್ಲಾಸಿನಲ್ಲಿ ಕಚ್ಚಾ ವಿಡಿಯೊ ಹಾಕಿದೆ.
ಬೇಕರಿ ಮೇಲಿನ ಕೋಣೆ, ನಾಲ್ಕು ಕಂಪ್ಯೂಟರು,
ಒಂದಕ್ಕೆ ಮೌಸಿಲ್ಲ.
ಏಳು ಜನ, ಏಳೂ ತಲೆ ಆಡಿದವು,
ಸೂಪರ್‌ವೈಸರ್ ಮುಂದೆ ಆಡುವ ಹಾಗೆ.
ನಾಲ್ಕನೇ ನಿಮಿಷಕ್ಕೆ ಜಬೀನಾ:
"ಮೇಡಂ, ನಿಮ್ದು ಉಲ್ಟಾ ಆಯ್ತು.
ಮಾರ್ಜಿನ್ ಇರೋದು ಒಳಗಡೆ."

ತನ್ನ ಟಾಪಿನ ಪಕ್ಕದ ಹೊಲಿಗೆ ಮಡಚಿ ತೋರಿಸಿದಳು.
ಒಂದೂವರೆ ಇಂಚು ನೀಲಿ.
ಹೊರಗಿನದು ಒಗೆದು ಒಗೆದು ಬೂದಿಯಾಗಿದೆ,
ಇದಿನ್ನೂ ಅಂಗಡಿಯಿಂದ ತಂದ ದಿನದ ಬಣ್ಣದಲ್ಲೇ ಇದೆ.
"ನಾಳೆ ದಪ್ಪ ಆದ್ರೆ ಬಿಚ್ಕೊಳ್ಳೋಕೆ.
ಇಲ್ಲಾ ತಂಗಿಗೆ ಕೊಡೋವಾಗ.
ಹೊರಗೆ ಬಿಟ್ರೆ ಯಾರಿಗೆ ಲಾಭ?"

ಉತ್ತರ ನನಗೆ ಗೊತ್ತಿತ್ತು, ಪುಸ್ತಕದ್ದು.
ಹೇಳಲು ಬಾಯಿ ತೆರೆದೆ, ಅರ್ಧಕ್ಕೇ ನಿಂತಿತು.

ರಾತ್ರಿ ಮತ್ತೆ ಡಬ್ಬ, ಮತ್ತೆ ಫೋನು.
ಈ ಸಲ ಸೈಟಿನ ಪಕ್ಕ ಒಂದು ಬಟ್ಟೆ ತುಂಡೂ ಇಟ್ಟೆ.
ಟೈಲರು ಒಳಗೆ ಬಿಡುವುದನ್ನು
ಇಲ್ಲಿ ಪ್ಯಾಡಿಂಗ್ ಅಂತ ಕರೀತಾರೆ ಅಂದೆ,
ತಕ್ಷಣವೇ, ಪೂರ್ತಿ ಹಾಗೇ ಅಲ್ಲ ಅಂತಲೂ ಅಂದೆ.
ಒಂದರ ಕೆಳಗೊಂದು ಪೆಟ್ಟಿಗೆ ಕೂತಾಗ
ಇಬ್ಬರ ಮಾರ್ಜಿನ್ನೂ ಕೂಡುವುದಿಲ್ಲ,
ಯಾರು ಹೆಚ್ಚು ಬಿಟ್ಟರೋ ಅವರದೊಂದೇ ಉಳಿಯುತ್ತದೆ,
ಎಂಬುದನ್ನು ಹೇಳಲಿಲ್ಲ.
ಹೊಸಬರಿಗೆ ಅದು ಈಗಲೇ ಬೇಡ.

ಐದು ನಿಮಿಷ ಐವತ್ತೆರಡು ಸೆಕೆಂಡಿಗೆ ಪಾಠ ಮುಗಿಯಿತು.
ಉಳಿದ ಎಂಟರಲ್ಲಿ ಏನು ತುಂಬುವುದು?
ಹೆಸರು ಹಾಕಿ ನೋಡಿದೆ, ಧನ್ಯವಾದ ಹಾಕಿ ನೋಡಿದೆ,
ಎರಡನ್ನೂ ತೆಗೆದೆ.
ಕೈ ಹಿಂದಕ್ಕೆ ಸರಿಯುತ್ತದೆ, ಬಿಳಿ ಕಾಗದ ಉಳಿಯುತ್ತದೆ,
ಆಚೆ ಮನೆಯಲ್ಲಿ ಒಂದು ಸೀಟಿ.
ಅದನ್ನು ಕತ್ತರಿಸಲಿಲ್ಲ.

ಮರುದಿನ ಸಂಜೆ ಏಳೂಕಾಲಕ್ಕೆ ಜಬೀನಾಳ ಮೆಸೇಜು:
ಮೇಡಂ, ಕೊನೇಲಿ ಕುಕ್ಕರ್ ಕೂಗ್ತಲ್ಲ,
ಅದು ಎಷ್ಟನೇದು?