ಮೊದಲ ಹಸಿವು ಪೆಟ್ಟಿಗೆಗೆ

ರಾತ್ರಿ ಎರಡೂಕಾಲು. ಒಸ್ತ್ರಾವಾ, ಆರನೆಯ ಮಹಡಿ.
ಯಿತ್ಕಾ ಮಲಗಿಲ್ಲ, ನಾನೂ ಮಲಗಿಲ್ಲ.
ಒಂದು ಪರದೆಯ ಮುಂದೆ ಎರಡು ಕುರ್ಚಿ,
ಒಂದು ಅಡುಗೆಮನೆಯದು; ಅದಕ್ಕೆ ಕಾಲು ಕುಂಟು.

ತಾಮ್ರದ ತಗಡು ಬರುತ್ತಿದೆ ಪಟ್ಟಿಯ ಮೇಲೆ
ಇರುವೆ ಸಾಲಿಗಿಂತ ಶಿಸ್ತಾಗಿ.
ಹಳದಿ ತೋಳೊಂದು ಬಾಗಿ, ಎತ್ತಿ, ಹೊರಳಿ
ಪೆಟ್ಟಿಗೆಗೆ ಹಾಕುತ್ತದೆ.
ಬಾಗಿ, ಎತ್ತಿ, ಹೊರಳಿ.

"ಆಚೆ ಯಂತ್ರಗಳೆಲ್ಲ ಯಾಕಪ್ಪಾ ಉಪವಾಸ?"

ನೋಡಿದೆ. ಹೌದು,
ಹನ್ನೆರಡೂ ಬಾಯಿ ತೆರೆದು ನಿಂತಿವೆ.
ದಾರಿಯ ಪಕ್ಕ ನಾನೇ ಇಟ್ಟ ಪೆಟ್ಟಿಗೆ,
ಕಷ್ಟಕಾಲಕ್ಕೆ ಇರಲಿ ಎಂದು.
ಅದಕ್ಕೆ ನಲವತ್ತೆಂಟು ಮನೆ, ಮನೆಗೆ ನೂರು ತಗಡು.
ಅದರ ಹೊಟ್ಟೆ ತುಂಬದೆ ಮುಂದಿನವರಿಗೆ ಊಟವಿಲ್ಲ.
ಕಷ್ಟಕಾಲಕ್ಕೆಂದು ಇಟ್ಟದ್ದೇ
ಈಗಿನ ಕಷ್ಟ.

ನನ್ನ ಅತ್ತೆ ಹೆದ್ವಿಕಾ ಹೀಗೆಯೇ.
ನೆಲಮಾಳಿಗೆಯಲ್ಲಿ ನಮ್ಮ ಪಾಲಿನ ಗೂಡಿನ ತುಂಬ
ಪ್ಲಮ್, ಸೌತೆಮಿಡಿ, ಚೆರ್ರಿ;
ಒಂದೊಂದು ಬಾಟಲಿಯ ಹಣೆಯಲ್ಲೂ ಪೆನ್ಸಿಲಿನ ಇಸವಿ.
ಹಳೆಯದು ಮೊದಲು ಮುಗಿಯಲಿ ಎನ್ನುವಳು.
ಹಳೆಯದು ಮುಗಿಯುವಷ್ಟರಲ್ಲಿ ಹೊಸದು ಹಳತಾಗುತ್ತಿತ್ತು.
ಮೂವತ್ತು ವರ್ಷ, ಆ ಮನೆಯಲ್ಲಿ,
ಆಯಾ ವರ್ಷದ ಚೆರ್ರಿಯನ್ನು
ಆಯಾ ವರ್ಷ ಯಾರೂ ತಿನ್ನಲಿಲ್ಲ.

ನಗಬೇಡ ಯಿತ್ಕಾ.
ಸಾಲಿನಲ್ಲಿ ನಿಂತು ಬರಿಗೈಲಿ ಬಂದವಳಿಗೆ
ತುಂಬಿದ ಕಪಾಟೇ ನಿದ್ದೆ.

ನಿನ್ನಮ್ಮ ರಾದ್ಕಾಳ ಕಾರ್ಖಾನೆ ನೋಡು, ಬೇರೆ ಧರ್ಮ.
ಕಾರಿನ ಬಾಗಿಲಿಗೆ ರಬ್ಬರು. ಎರಡು ಗಂಟೆಗಾಗುವಷ್ಟು ಸಾಮಾನು,
ಅದಕ್ಕಿಂತ ಒಂದು ಚೂರು ಹೆಚ್ಚಿಲ್ಲ.
'ದಾಸ್ತಾನು ಎಂದರೆ ಸೋಮಾರಿತನ' ಎಂದು
ಗೋಡೆಗೆ ಅಂಟಿಸಿದ್ದಾರೆ, ನಗುವ ಹುಡುಗಿಯ ಚಿತ್ರದ ಜೊತೆ.
ಗಡಿಯ ಬೆಟ್ಟದಲ್ಲಿ ಹಿಮಕ್ಕೆ ಒಂದು ಲಾರಿ ಸಿಕ್ಕಿಕೊಂಡ ದಿನ
ನಾನ್ನೂರು ಜನ ಕೈಕಟ್ಟಿ ನಿಂತರು.
ಹನ್ನೊಂದಕ್ಕೆ ಮನೆಗೆ ಬಂದಳು,
ಅರ್ಧ ದಿನದ ಕೂಲಿ, ಪೂರಾ ದಿನದ ಸಿಟ್ಟು.

ಮತ್ತೆ ನಮ್ಮದು? ಕೋಕ್ ಒಲೆ.
ಅಂಗಳದಲ್ಲಿ ಕಲ್ಲಿದ್ದಲ ರಾಶಿ, ಮೂರು ಆಳೆತ್ತರ.
ಅದನ್ನು ನೋಡಿಕೊಂಡೇ ನಾವು ಸಿಗರೇಟು ಸೇದಿದೆವು,
ರಜೆಯ ಲೆಕ್ಕ ಹಾಕಿದೆವು.
ಬರುವ ರೈಲು ನಿಂತು ಆಗಲೇ ಆರು ವಾರ.
ರಾಶಿ ಸುಳ್ಳು ಹೇಳಲಿಲ್ಲ;
ತಡವಾಗಿ ಹೇಳಿತು, ಅಷ್ಟೆ.
ತಳ ಕಂಡ ದಿನವೇ ನಮಗೆ ಕಾಗದ ಬಂತು.

ಕಿಟಕಿಯಾಚೆ ಎಮಾ. ಗಣಿಯ ಕಸದ ಗುಡ್ಡ.
ಯಾರಿಗೂ ಬೇಡವೆಂದು ಸುರಿದದ್ದು
ಒಳಗೊಳಗೇ ಉರಿಯುತ್ತದೆ ಇನ್ನೂ.
ಊರೆಲ್ಲ ಬಿಳಿಯಾದರೂ ಅದರ ನೆತ್ತಿಯಲ್ಲಿ ಹಿಮ ನಿಲ್ಲದು.

"ಅಪ್ಪಾ, ಕೇಳಿಸ್ತಾ? ಕೆಂಪು ಗೆರೆ ಎಳೀತೀನಿ.
ನಾಲ್ಕು ಮನೆ ಸಾಕು."
ಎಂಟಿರಲಿ, ಎಂದೆ.
"ನಾಲ್ಕು."
ಆರು?
ಎಳೆದೇ ಬಿಟ್ಟಳು. ಉಳಿದ ಮನೆಗಳೆಲ್ಲ ಒಮ್ಮೆಗೇ
ಕೆಂಪಾಗಿ ಬಾಗಿಲು ಹಾಕಿಕೊಂಡವು.

ಒಂದು ಕ್ಷಣ ಏನೂ ಇಲ್ಲ.
ಆಮೇಲೆ ಕೋಡಿ ಬಿದ್ದಂತೆ
ತಗಡು ಮುಂದಕ್ಕೆ ಹರಿಯಿತು, ಮೊದಲ ಯಂತ್ರಕ್ಕೆ ದೀಪ,
ಎರಡನೆಯದಕ್ಕೆ, ಏಳನೆಯದಕ್ಕೆ.
ಹನ್ನೆರಡನೆಯದು ಯಾಕೋ ಹತ್ತಲಿಲ್ಲ. ನಾಳೆ ನೋಡೋಣ.

ಬರಿಗಾಲಲ್ಲಿ ಕೆಳಗೆ ಹೋಗಿ ಬಾಟಲಿ ತಂದಳು,
ಈ ಬೇಸಿಗೆಯದು, ಅಜ್ಜಿಯಿಲ್ಲದೆ ನಾವೇ ಹಾಕಿದ್ದು.
ಮುಚ್ಚಳ 'ಟಪ್' ಎಂದಿತು.
ಸಕ್ಕರೆ ಸಾಲದು. ಆದರೂ
ಒಂದೇ ಚಮಚದಲ್ಲಿ ಇಬ್ಬರೂ ತಿಂದೆವು,
ಬೀಜಗಳನ್ನು ಬೂದಿಬಟ್ಟಲಿಗೆ ಉಗುಳುತ್ತ.

ಪರದೆಯಲ್ಲಿ ಆ ಹಳದಿ ತೋಳು
ಪೆಟ್ಟಿಗೆಯ ಮೇಲೆ ಹಾಗೇ ನಿಂತಿದೆ,
ಕೈಯಲ್ಲೊಂದು ತಗಡು ಹಿಡಿದು,
ಇಡಲು ಜಾಗವಿಲ್ಲದೆ, ಬಿಡಲು ಬಾರದೆ.

ನನಗೆ ಆ ನಿಲುವು ಗೊತ್ತು.
ಅದರ ಕಡೆ ಚಮಚ ಚಾಚಿದೆ, ತಮಾಷೆಗೆ.
ಯಿತ್ಕಾ ನಗಲಿಲ್ಲ.