ಒತ್ತು ಬಿಟ್ಟ ದ್ವೀಪ

ಎರಡನೇ ಕರಡು. ಹದಿನಾರು ಪುಟ, ಹೊಳಪು ಕಾಗದ.
ಯಾವುದೋ ಟೂರ್ಸಿನವರ ದ್ವೀಪಯಾತ್ರೆ:
‘ಮಕ್ಕಳುಮರಿ ಸಮೇತ ಬನ್ನಿ, ದಿನವೆಲ್ಲ ಬಯಲಿನಲ್ಲಿರಿ.’
ಗದಗಿನ ಈ ಓಣಿಯಲ್ಲಿ,
ಮಷೀನಿನ ಸದ್ದಿಗೆ ನಡುಗುವ ಮೇಜಿನ ಮೇಲೆ
ಕೆಂಪು ಪೆನ್ನು ಹಿಡಿದು
ನಾನು ಸಮುದ್ರ ಓದುತ್ತೇನೆ.

ಮೂರನೇ ಪುಟದಲ್ಲಿ ಒತ್ತು ಬಿದ್ದುಹೋಗಿ
‘ನಮ್ಮ ದೀಪಕ್ಕೆ ಸ್ವಾಗತ.’
ಐದರಲ್ಲಿ ಕಡಲ ತೀರ ಹೋಗಿ ಕಡಲೆ ತೀರ.
ಏಳರಲ್ಲಿ, ‘ಆಮೆಗಳು ರಾತ್ರಿ ದಂಡೆಗೆ ಬರುವುದನ್ನು
ಕುಟುಂಬ ಸಮೇತ ನೋಡಬಹುದು.’
ಆಮೆಯ ಕುಟುಂಬವೋ, ನಮ್ಮದೋ?
ಅಂಚಿನಲ್ಲಿ ಪ್ರಶ್ನೆ ಹಾಕಿದೆ.

ಇಪ್ಪತ್ತೊಂದು ವರ್ಷವಾಯಿತು ತಿದ್ದುತ್ತ.
ಲಗ್ನಪತ್ರಿಕೆ, ಪಂಚಾಂಗ, ಒಂಬತ್ತನೆತ್ತೆ ಗಣಿತದ ಗೈಡು,
ಯಾರ್ಯಾರದೋ ಅಭಿನಂದನ ಗ್ರಂಥ.
ಸಮುದ್ರ ಇದೇ ಮೊದಲು.
(ಕಣ್ಣಾರೆ ಕಂಡದ್ದು ಒಮ್ಮೆ, ಕಾರವಾರದಲ್ಲಿ, ಬಸ್ಸಿನ ಕಿಟಕಿಯಿಂದ.
ನಿವಿಗೆ ವಾಂತಿ. ಅವಳ ಬೆನ್ನು ನೀವುವುದರಲ್ಲಿ
ಅರ್ಧ ಸಮುದ್ರ ದಾಟಿಹೋಗಿತ್ತು.)

ಕೆಟ್ಟ ಪ್ರತಿಗಳನ್ನು ಮನೆಗೊಯ್ದೆ, ವಹಿಗಳಿಗೆ ಹೊದಿಕೆ ಹಾಕಲು.
ತಪ್ಪಾಯಿತು.
“ಅವ್ವಾ, ಸ್ನಾರ್ಕೆಲ್ ಅಂದ್ರೇನು?”
“ಅವ್ವಾ, ಗಾಜಿನ ತಳದ ದೋಣಿ ಒಡದ್ರ?”
ಯೋಗಿ ಲೆಕ್ಕ ಹಾಕಿದ: ತಲೆಗೆ ಮೂವತ್ತೆಂಟು ಸಾವಿರ,
ಐದು ವರ್ಷದೊಳಗಿನವರಿಗೆ ಬಿಟ್ಟಿ.
“ನಮ್ಮೊಳಗ ಅಷ್ಟು ಸಣ್ಣವ್ರು ಯಾರೂ ಇಲ್ಲಲ್ಲ”
ಎಂದು ನಿಟ್ಟುಸಿರಿಟ್ಟವರು ಅತ್ತಿ.
ಅವರಿಗೆ ಎಪ್ಪತ್ಮೂರು.

ಮಷೀನಿನ ದಾವಲಸಾಬನಿಗೆ ಹೇಳಿ ನಕ್ಕೆ. ಅವನು ನಗಲಿಲ್ಲ.
“ಅಕ್ಕಾರ, ಐದನೇ ಪಾನಿನ್ಯಾಗ ಏನೂ ತಪ್ಪಿಲ್ರಿ.
ಕಡ್ಲಿ ತೀರ ನಮ್ದ ಐತಿ, ಮುಳಗುಂದ ರಸ್ತಾದ ಮ್ಯಾಲ.
ರವಿವಾರ ನಸುಕಿನ್ಯಾಗ ಬರ್ರಿ, ಎಲ್ಲಾರೂ.”

ಹೋದೆವು. ಮೊದಲ ಬಸ್ಸು, ಪುಷ್ಯದ ಚಳಿ.
ಎರಿಹೊಲ ತನ್ನ ಕತ್ತಲನ್ನಿನ್ನೂ ಬಿಟ್ಟುಕೊಟ್ಟಿರಲಿಲ್ಲ.
ಎಲ್ಲಿ ನೋಡಿದರೂ ಮಟ್ಟಸ,
ನಟ್ಟನಡುವೆ ಒಂದೇ ಒಂದು ಬೇವಿನ ಗಿಡ.
ಬದುವಿನ ಮೇಲೆ ಐದು ಜೊತೆ ಚಪ್ಪಲಿ ಬಿಟ್ಟು
ಮೊಣಕಾಲುದ್ದದ ಹಸಿರಿಗೆ ಇಳಿದೆವು.

ಇಬ್ಬನಿಯಷ್ಟೇ ಅಲ್ಲ ಅದು, ಕಡಲೆಯ ಬೆವರು.
ಮೀನಖಂಡಕ್ಕೆ ಹತ್ತಿತು
(ಆ ನೀರಿನಲ್ಲಿದ್ದ ಮೀನು ಅದೊಂದೇ),
ಒಡೆದ ಹಿಮ್ಮಡಿಗೆ ಚುರ್ರೆಂದಿತು.
ನಿವಿ ಬೆರಳು ನೆಕ್ಕಿದಳು: “ಉಪ್ಪೈತಿ!”
“ಹುಳಿ ಐತಿ,” ಯೋಗಿ.
ಜಗಳಾಡುತ್ತಲೇ ಇಬ್ಬರೂ ಮುಳುಗಿದರು,
ಸಾಲುಗಳ ನಡುವೆ ಅಂಬೆಗಾಲಿಟ್ಟು, ಉಸಿರು ಬಿಗಿಹಿಡಿದು.
ಎಲೆಯ ಕೆಳಗೆ
ಗಿಡದಷ್ಟೇ ಹಸಿರಾದ ಒಂದು ಹುಳು,
ಕೌಜುಗದ ಗರಿ,
ಜೇಡನ ಬಲೆಯಲ್ಲಿ ತೊಯ್ದು ನಿಂತ ಬೆಳಗು.

ಹುಸೇನಬಿ ಬೆಳೆಯ ಮೇಲೆ ಧೋತರ ಹಾಸಿ
ಹುಳಿ ಹಿಡಿಯುತ್ತಿದ್ದಳು, ಹೊಟ್ಟೆನೋವಿನ ಔಷಧಕ್ಕೆ.
ಇವರು ಒಂದು ತುದಿ ಹಿಡಿದು ಎತ್ತಿದರು,
ಗಾಳಿ ತುಂಬಿ ಅದು ಉಬ್ಬಿತು.
ಇಪ್ಪತ್ತು ವರ್ಷದ ಸಂಸಾರದಲ್ಲಿ
ಇವರ ಕೈಯಲ್ಲಿ ಹಾಯಿ ಕಂಡದ್ದು ಅದೊಂದೇ ಸಲ.
“ಹಿಂಡ್ರೀ, ಆಟ ಸಾಕು,” ಹುಸೇನಬಿ ಗದರಿದಳು.

ಆಮೇಲೆ ಸುಲಗಾಯಿ ಸುಟ್ಟೆವು. ಚಟಪಟ. ಎಲ್ಲರ ಮೋರೆಯೂ ಮಸಿ.
ಬದು ಬಿಟ್ಟು ಇಳಿಯುವುದೇ ಇಲ್ಲ ಎಂದಿದ್ದ ಅತ್ತಿ
ಯಾವಾಗಲೋ ಸೀರೆ ಎತ್ತಿ ಸಿಕ್ಕಿಸಿಕೊಂಡು
ಒಬ್ಬರೇ ನಡೆದು ಬೇವಿನ ಬುಡಕ್ಕೆ ಮುಟ್ಟಿದ್ದರು.
ಹೊರಡುವ ಹೊತ್ತಿಗೆ ಕೂಗಿದೆವು.
“ಬರೂದುಲ್ಲ. ಬೇಕಾದ್ರ ದೋಣಿ ಕಳಸ್ರಿ!”
ಯೋಗಿ ಬಾಯಲ್ಲಿ ಮೋಟಾರು ಮಾಡುತ್ತ ಹೋದ,
ಅರ್ಧ ತಾಸಾದರೂ ತಿರುಗಿ ಬರಲಿಲ್ಲ.
ಅಲ್ಲಿಂದ ಅಜ್ಜಿ-ಮೊಮ್ಮಗನ ನಗೆ ಮಾತ್ರ ಬರುತ್ತಿತ್ತು.

ಸೋಮವಾರ ಮೂರನೇ ಕರಡು.
ದ್ವೀಪಕ್ಕೆ ಅದರ ಒತ್ತು ಕೊಟ್ಟೆ.
ಆಮೆಗಳನ್ನು ಅವುಗಳ ಪಾಡಿಗೆ ಬಿಟ್ಟೆ.
ಐದನೇ ಪುಟ ಎಷ್ಟೋ ಹೊತ್ತು ಮೇಜಿನ ಮೇಲಿತ್ತು.
ಸಂಜೆ ದಾವಲಸಾಬ ಹಾಳೆಯನ್ನು ಬೆಳಕಿಗೆ ಹಿಡಿದ:
ಅಂಚಿನಲ್ಲಿ ಕೆಂಪು ಗುರುತಿಲ್ಲ,
ಹೆಬ್ಬೆರಳಿನ ಮಸಿ ಇತ್ತು.
“ಅಕ್ಕಾರ, ಇದು ತೆಗಿಯೂದೋ, ಇಡೂದೋ?”